ಕರುಣೆಗೆ ಅರಿವು ಬೇಕೆ?

ರೋಗಿಯ ಸೇವೆಗೆ ಮರುಗುವ ಮನಸ್ಸೊಂದಿದ್ದರೆ ಸಾಕೆ? ಸಾಲದು ಎಂಬುದಕ್ಕೆ ಅಮೆರಿಕದ ಸ್ಟೆಲ್ಲಾ ಗೂಸ್ಟ್ರೇ ಅವರ ಬದುಕು ಸಾಕ್ಷಿ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತ ಅವರು ವಿದ್ಯಾರ್ಥಿನಿಯರಿಗೆ ರಸಾಯನಶಾಸ್ತ್ರ ಬೋಧಿಸಿದರು. 1924ರಲ್ಲಿ ವಾಲ್ಟರ್ ಕಾರ್ ಜೊತೆಗೂಡಿ ನರ್ಸುಗಳಿಗೆಂದೇ ಆ ವಿಷಯದ ಪಠ್ಯಪುಸ್ತಕ ಬರೆದರು. ಮುಂದೆ ತಾವು ಕಲಿತ ಶಾಲೆಯನ್ನೇ ಮುನ್ನಡೆಸಿದರು. ಅನೇಕ ಆಸ್ಪತ್ರೆಗಳು ಕಲಿಕೆಯನ್ನು ಬದಿಗಿಟ್ಟು ವಿದ್ಯಾರ್ಥಿನಿಯರನ್ನು ಅಗ್ಗದ ದುಡಿಮೆಯಾಗಿ ಕಾಣುತ್ತಿದ್ದ ಕಾಲವದು. ಆದರೆ ರೋಗಾಣು ಕೊಲ್ಲಲು ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲದ ದ್ರಾವಣ ತೀಕ್ಷ್ಣವಾದರೆ ಚರ್ಮ ಸುಡುತ್ತದೆ, ತೀರಾ ತೆಳುವಾದರೆ ರೋಗಾಣು ಉಳಿಯುತ್ತದೆ. ಅಳತೆ ತಪ್ಪಿದ ಮೇಲೆ ನರ್ಸಿನ ಒಳ್ಳೆಯತನ ರೋಗಿಯನ್ನು ಕಾಯಲಾರದು. ಆದ್ದರಿಂದ ಕಲಿಯುವುದೇ ಕರುಣೆಯ ಮೊದಲ ಕರ್ತವ್ಯ.

ಶಾಸ್ತ್ರಜ್ಞಾನ ಹೆಚ್ಚಿದರೆ ಮನಸ್ಸು ಒಣಗುತ್ತದೆ, ರೋಗಿ ಬರಿಯ ದೇಹವಾಗಿ ಕಾಣುತ್ತಾನೆ ಎಂಬ ಆಕ್ಷೇಪವಿದೆ. ಈ ಭಯ ನಿರಾಧಾರವಲ್ಲ. ರೋಗಿಯನ್ನೇ ಮರೆತ ವಿದ್ಯೆ ಕ್ರೂರವಾಗಬಲ್ಲದು. ಅದಕ್ಕೆ ಮದ್ದು ಅಜ್ಞಾನವಲ್ಲ, ಹಾಸಿಗೆಯ ಬಳಿಯ ಕೆಲಸಕ್ಕೆ ಜೋಡಿಸಿದ ಪಾಠ. ನರ್ಸುಗಳಿಗೆಂದೇ ಬರೆದ ಪುಸ್ತಕದ ಉದ್ದೇಶವೂ ಅದೇ. ಕಲಿಯದೆ ಮರುಗುವವರು ತಮ್ಮ ಮನಸ್ಸನ್ನಷ್ಟೇ ಸಮಾಧಾನಪಡಿಸಿಕೊಳ್ಳುತ್ತಾರೆ. ಕಲಿತು ಮರುಗುವವರು ಇನ್ನೊಬ್ಬರ ನೋವನ್ನು ನೀಗುವ ಹೊಣೆ ಹೊರುತ್ತಾರೆ. ಸೇವೆಯನ್ನು ಪೂಜೆ ಎನ್ನುವವರು ಈ ಹೊಣೆಯನ್ನೂ ಒಪ್ಪಿಕೊಳ್ಳಬೇಕು.