ಇನ್ನೊಂದು ಸೌಟು ಬಡಿಸುವ ಮುನ್ನ



ಕಳೆದ ಹಬ್ಬದ ಊಟದ ದಿನ ನಮ್ಮಿಂದ ಒಂದು ತಪ್ಪಾಯಿತು. ಅದನ್ನು ಹೇಳಿಕೊಂಡೇ ಈ ಬರಹ ಆರಂಭಿಸುತ್ತೇವೆ.

ಅಂದು ಬಡಿಸುವ ಜವಾಬ್ದಾರಿ ನಮ್ಮ ಯುವಜನ ಸಂಘದ್ದು. ನಮಗೆಲ್ಲ ಹಾಡು ಕಲಿಸಿದ ಗಾಯನವೃಂದದ ಅಕ್ಕ ಒಬ್ಬರು ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದರು. ಎಲೆಯ ಮೇಲೆ ಒಂದು ಮೊಟ್ಟೆ, ಒಂದು ಹಿಡಿಯಷ್ಟೂ ಇಲ್ಲದ ಅನ್ನ. "ಇಷ್ಟೇನಾ ಅಕ್ಕ? ಮಾತೆಯ ಹಬ್ಬದ ದಿನ ಬೇಡ ಅನ್ನಬಾರದು" ಎಂದು ಒತ್ತಾಯಿಸಿ ಎರಡು ಸೌಟು ಪಾಯಸ ಬಡಿಸಿದೆವು. ನಮ್ಮ ಮನಸ್ಸು ನೋಯಬಾರದೆಂದು ಅವರು ಕುಡಿದರು. ಕಾಲು ಗಂಟೆಯೊಳಗೆ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ಹಿಂಡಿದಂಥ ನೋವು. ಸಭಾಂಗಣದ ಹಿಂದಿನ ಕೋಣೆಯಲ್ಲಿ ಒಂದು ಗಂಟೆ ಮಲಗಿದ್ದರು.

ಆಗಲೇ ನಮಗೆ ನಿಜ ಗೊತ್ತಾದದ್ದು. ಐದು ತಿಂಗಳ ಹಿಂದೆ ಅವರು ಬೆಂಗಳೂರಿನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ನಮಗೆಲ್ಲ ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಹೇಳಿದ್ದರು. "ಯಾಕಕ್ಕ ನಮ್ಮ ಹತ್ತಿರವೂ ಮುಚ್ಚಿಟ್ಟಿರಿ?" ಎಂದು ಕೇಳಿದಾಗ, "ನೀವು ನಗ್ತೀರ ಅಂತ" ಎಂದರು.

ಆ ಉತ್ತರ ನಮ್ಮನ್ನು ಚುಚ್ಚಿತು. ಯಾಕೆಂದರೆ ಅದು ನಿಜ. ಯಾತ್ರೆಯ ಬಸ್ಸಿನಲ್ಲಿ ಅಕ್ಕನಿಗೆ ಎರಡು ಸೀಟು ಬೇಕೆಂದು ನಕ್ಕಿದ್ದೆವು. ಕ್ರಿಸ್ಮಸ್ ನಾಟಕದಲ್ಲಿ ಜನರನ್ನು ನಗಿಸುವ ಪಾತ್ರವೆಂದರೆ ಅದು ಅವರಿಗೇ. ಅವರೂ ನಗುತ್ತಿದ್ದರು, ಹಾಗಾಗಿ ನೋವಿಲ್ಲವೆಂದುಕೊಂಡೆವು. ಈ ಬರಹವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಸುದ್ದಿ ಹರಡಿದ ಮೇಲೆ ದೇವಾಲಯದ ಅಂಗಳದಲ್ಲಿ ಎರಡು ಮಾತು ಕೇಳಿಬಂದವು. ಒಂದು: "ದೇವರು ಕೊಟ್ಟ ದೇಹವನ್ನು ಕೊಯ್ಯಿಸುವುದು ಸರಿಯೇ?" ಇನ್ನೊಂದು: "ನಾಲ್ಕು ತಪಸ್ಸುಕಾಲ ನೆಟ್ಟಗೆ ಉಪವಾಸ ಮಾಡಿದ್ದರೆ ಸಾಕಿತ್ತು. ಇದು ದುಡ್ಡು ಕೊಟ್ಟು ಹಿಡಿದ ಸುಲಭದ ದಾರಿ." ನಮ್ಮ ಮಾಸಿಕ ಸಭೆಯಲ್ಲಿ ಇವೆರಡನ್ನೂ ಇಟ್ಟುಕೊಂಡು ಮಾತಾಡಿದೆವು.

ಮೊದಲನೆಯದಕ್ಕೆ ಧರ್ಮಸಭೆಯ ಉತ್ತರ ಹಳೆಯದು. ಇಡೀ ದೇಹದ ಒಳಿತಿಗಾಗಿ ಅದರ ಒಂದು ಭಾಗವನ್ನು ಕತ್ತರಿಸಬಹುದೆಂದು ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ವಾದಿಸಿದ್ದಾರೆ. ಜಗದ್ಗುರು 12ನೇ ಪಿಯುಸ್ 1952ರಲ್ಲಿ ವೈದ್ಯರನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲಿ ಇದೇ ತತ್ವವನ್ನು ವಿವರಿಸಿದರು. ಕೇಳಬೇಕಾದ ಪ್ರಶ್ನೆ ಚಿಕಿತ್ಸೆ ನಿಜವಾಗಿ ಅಗತ್ಯವೇ ಎಂಬುದು. ನಮ್ಮ ಅಕ್ಕನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಾತ್ರಿ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಮೂರೂ ಇದ್ದವು. ಚೆಂದ ಕಾಣಲೆಂದು ಅವರು ಆಸ್ಪತ್ರೆಗೆ ಹೋಗಲಿಲ್ಲ, ಮಕ್ಕಳು ದೊಡ್ಡವರಾಗುವವರೆಗಾದರೂ ಬದುಕಿರಬೇಕೆಂದು ಹೋದರು.

ಎರಡನೆಯ ಮಾತು ಹೆಚ್ಚು ಕಷ್ಟದ್ದು, ಯಾಕೆಂದರೆ ನಮ್ಮಲ್ಲೂ ಕೆಲವರು ಹಾಗೆಯೇ ಅಂದುಕೊಂಡಿದ್ದೆವು. ನಮ್ಮಲ್ಲಿ ಬಿಎಸ್‌ಸಿಯಲ್ಲಿ ಜೀವಶಾಸ್ತ್ರ ಓದಿದವರಿದ್ದೇವೆ. ಆದರೂ ಪುಸ್ತಕದಲ್ಲಿ ಓದಿದ್ದನ್ನು ಪಕ್ಕದಲ್ಲಿ ಕುಳಿತವರಿಗೆ ಅನ್ವಯಿಸಲು ಮರೆತಿದ್ದೆವು. ಪಥ್ಯದಿಂದ ತೂಕ ಇಳಿದಾಗ ದೇಹ ಅದನ್ನು ಬರಗಾಲವೆಂದು ತಿಳಿಯುತ್ತದೆ. ಹಸಿವಿನ ರಸದೂತಗಳನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ, ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹೋರಾಡುತ್ತದೆ. ಅಕ್ಕ ಹದಿನೈದು ವರ್ಷಗಳಲ್ಲಿ ಆರು ಸಲ ತೂಕ ಇಳಿಸಿದ್ದರು, ಆರು ಸಲವೂ ಅದು ಮರಳಿ ಬಂದಿತ್ತು. ನಮಗೆ ಕಂಡದ್ದು ಮರಳಿ ಬಂದ ತೂಕ ಮಾತ್ರ. ಆರು ಸಲದ ಉಪವಾಸ ಕಾಣಲಿಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಸುಲಭದ ದಾರಿ ಹಿಡಿದಿರಿ ಎಂದು ಯಾರೂ ಹೇಳುವುದಿಲ್ಲ. ಹಾಗಾದರೆ ಇಲ್ಲಿ ಯಾಕೆ ಹೇಳುತ್ತೇವೆ? ದಪ್ಪಗಿರುವುದು ಹೊಟ್ಟೆಬಾಕತನದ ಪಾಪಕ್ಕೆ ಸಿಕ್ಕ ಶಿಕ್ಷೆ, ಶಿಕ್ಷೆಯನ್ನು ಅನುಭವಿಸಿಯೇ ತೀರಿಸಬೇಕು ಎಂದು ಮನಸ್ಸಿನ ಮೂಲೆಯಲ್ಲಿ ನಂಬಿದ್ದೇವೆ.

ಹೊಟ್ಟೆಬಾಕತನ ಪಾಪವಲ್ಲವೆಂದು ನಾವು ಹೇಳುವುದಿಲ್ಲ. ಅದು ಸಪ್ತ ಮೂಲಪಾಪಗಳಲ್ಲಿ ಒಂದು. ಆದರೆ ಜಗದ್ಗುರು ಸಂತ ಮಹಾ ಗ್ರೆಗೊರಿಯವರು ಅದಕ್ಕೆ ಐದು ರೂಪಗಳನ್ನು ಹೇಳಿದ್ದಾರೆ, ಅಕ್ವಿನಾಸರೂ ಅದನ್ನು ಒಪ್ಪಿದ್ದಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅತಿ ರುಚಿಗಾಗಿ ಹಟ ಹಿಡಿಯುವುದು, ಆತುರದಿಂದ ಮುಕ್ಕುವುದು, ಮಿತಿಮೀರಿ ತಿನ್ನುವುದು. ಐದರಲ್ಲಿ ಪ್ರಮಾಣಕ್ಕೆ ಸಂಬಂಧಿಸಿದ್ದು ಒಂದೇ. ತೂಕದ ಮಾತು ಒಂದರಲ್ಲೂ ಇಲ್ಲ. ಹಬ್ಬದ ದಿನ ಮೂರು ಸಲ ಬಿರಿಯಾನಿ ಹಾಕಿಸಿಕೊಂಡು ಅರ್ಧ ಚೆಲ್ಲಿದವರು ನಮ್ಮಲ್ಲೇ ಸಣಕಲು ಹುಡುಗರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಅಕ್ವಿನಾಸರೇ ಸ್ಥೂಲಕಾಯರಾಗಿದ್ದರೆಂಬುದು ಪರಂಪರೆಯ ಮಾತು. ಅವರ ಸಹಪಾಠಿಗಳು ಅವರನ್ನು ಮೂಕ ಎತ್ತು ಎಂದು ಹಾಸ್ಯ ಮಾಡುತ್ತಿದ್ದರಂತೆ. ಸಂತ 23ನೇ ಜಾನ್ ಜಗದ್ಗುರುಗಳ ಚಿತ್ರ ನೋಡಿದವರಿಗೆ ಅವರ ಮೈಕಟ್ಟು ಗೊತ್ತು. ಮೈ ನೋಡಿ ಆತ್ಮವನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ.

ಇನ್ನು ಶಸ್ತ್ರಚಿಕಿತ್ಸೆಯ ನಂತರದ ಬದುಕು ಎಷ್ಟು ಸುಲಭ ನೋಡೋಣ. ಅಕ್ಕನಿಗೆ ಮಾಡಿದ್ದು ಬೈಪಾಸ್ ಎಂಬ ವಿಧಾನ. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ ಮಾಡಿ ಅದನ್ನು ಸಣ್ಣಕರುಳಿಗೆ ಜೋಡಿಸುತ್ತಾರೆ. ಮೊದಲು ಬರೀ ತಿಳಿ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ಸಾಮಾನ್ಯ ಊಟಕ್ಕೆ ಬರುವ ಹೊತ್ತಿಗೆ ಒಂದೂವರೆ ಎರಡು ತಿಂಗಳು. ಪ್ರತಿ ತುತ್ತನ್ನೂ ಅರೆದು ಅರೆದು ನುಂಗಬೇಕು. ಮೊದಲು ಮೊಟ್ಟೆ, ಬೇಳೆ, ಮೀನು, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಅನ್ನ, ಮುದ್ದೆ ಆಮೇಲೆ, ಜಾಗವಿದ್ದರೆ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ, ಬಿ12, ಡಿ ಜೀವಸತ್ವದ ಮಾತ್ರೆಗಳು ಮತ್ತು ರಕ್ತಪರೀಕ್ಷೆ ಬದುಕಿರುವವರೆಗೂ. ಸಿಹಿ ಹೆಚ್ಚಾದರೆ ಅದು ನೇರ ಕರುಳಿಗೆ ಸುರಿದು, ಹಬ್ಬದ ದಿನ ನಾವು ಕಂಡ ಸ್ಥಿತಿ ಬರುತ್ತದೆ. ನಮ್ಮ ಮದುವೆಗಳಲ್ಲಿ ಎತ್ತುವ ಒಂದು ಗ್ಲಾಸ್ ವೈನ್ ಕೂಡ ಈಗ ಬೇಗ ರಕ್ತಕ್ಕೆ ಏರುತ್ತದೆ, ಮುಂದೆ ಚಟವಾಗುವ ಅಪಾಯವೂ ಇದೆ.

ಈಗ ಅವರ ಕೂದಲು ಬಾಚಣಿಗೆ ತುಂಬ ಉದುರುತ್ತಿದೆ. ಮೂರರಿಂದ ಆರು ತಿಂಗಳೊಳಗೆ ಇದು ಆಗುವಂಥದ್ದೇ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಸಿಪ್‌ಕಾಟ್‌ನ ಕಾರ್ಖಾನೆಯಲ್ಲಿ ಊಟದ ಬಿಡುವು ಅರ್ಧ ಗಂಟೆ. ಅಕ್ಕನಿಗೆ ಅರ್ಧ ಇಡ್ಲಿ ತಿನ್ನಲು ಅಷ್ಟೇ ಹೊತ್ತು ಬೇಕು. ಆದರೆ ಅವರು ಹೇಳಿದ ದೊಡ್ಡ ಕಷ್ಟ ಬೇರೆ: "ಬೇಜಾರಾದಾಗ ತಿನ್ನೋದೇ ನನ್ನ ಗೆಳತಿ ಆಗಿತ್ತು. ಈಗ ಗೆಳತಿ ಇಲ್ಲ, ಬೇಜಾರು ಹಾಗೇ ಇದೆ." ವೈದ್ಯರ ಕತ್ತಿ ಜಠರವನ್ನು ಚಿಕ್ಕದು ಮಾಡಬಲ್ಲದು, ಹಸಿವನ್ನೂ ಒಂದಷ್ಟು ಇಳಿಸಬಲ್ಲದು. ಆಸೆಯನ್ನು ಕತ್ತರಿಸಲಾರದು. ಐಸ್‌ಕ್ರೀಂ ಕರಗಿ ಚಿಕ್ಕ ಹೊಟ್ಟೆಯಲ್ಲೂ ಇಳಿಯುತ್ತದೆ, ತೂಕ ಮರಳಿ ಬಂದವರೂ ಇದ್ದಾರೆ. ಅಂದರೆ ಮಿತಸಂಯಮವೆಂಬ ಸದ್ಗುಣದ ಕೆಲಸ ಆಪರೇಷನ್ ಟೇಬಲ್ ಮೇಲೆ ಮುಗಿಯುವುದಿಲ್ಲ. ಅದು ದಿನಕ್ಕೆ ಆರು ಸಲ, ಪ್ರತಿ ತಟ್ಟೆಯ ಮುಂದೆ, ಅಕ್ಕನೇ ಮಾಡಬೇಕಾದದ್ದು. ನಮಗೆ ಯಾರಿಗೂ ಅಷ್ಟು ಅಭ್ಯಾಸವಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಕೆಲವು ಭಾನುವಾರ ಅಕ್ಕ ಪರಮಪ್ರಸಾದ ಸ್ವೀಕರಿಸಲಿಲ್ಲ. ಏನೋ ಪಾಪವಿರಬೇಕು, ಪಾಪನಿವೇದನೆ ಮಾಡಿಲ್ಲ ಎಂದು ನಾವೇ ಕಥೆ ಕಟ್ಟಿದೆವು. ನಿಜವೇನೆಂದರೆ ಅವರು ಪೂಜೆಗೆ ಮುಂಚೆ ಸ್ವಲ್ಪ ಪ್ರೋಟೀನ್ ಪಾನೀಯ ಗುಟುಕರಿಸಬೇಕಾಗಿತ್ತು. ಒಂದು ಗಂಟೆಯ ಉಪವಾಸ ಮುರಿಯಿತೆಂದು ಹೆದರಿ ಬೆಂಚಿನಲ್ಲೇ ಉಳಿಯುತ್ತಿದ್ದರು. ಗುರುಗಳನ್ನು ಕೇಳಿದಾಗ ಅವರು ಧರ್ಮಸಭೆಯ ಕಾನೂನನ್ನೇ ತೆರೆದು ತೋರಿಸಿದರು: ನೀರು ಮತ್ತು ಔಷಧಿ ಆ ಉಪವಾಸವನ್ನು ಮುರಿಯುವುದಿಲ್ಲ. ವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದು. ತಪಸ್ಸುಕಾಲದ ಉಪವಾಸದ ನಿಯಮವೂ 18 ತುಂಬಿದವರಿಂದ 59 ವರ್ಷದವರೆಗಿನ ಆರೋಗ್ಯವಂತರಿಗೆ. ಈ ಮಾತು ಸಕ್ಕರೆ ಕಾಯಿಲೆಯ ಎಷ್ಟೋ ತಾಯಂದಿರಿಗೂ ಬೇಕಾದದ್ದು.

ನಮ್ಮದು ಮೂರು ಭಾಷೆಯ ಧರ್ಮಕೇಂದ್ರ. ತಮಿಳು ಪೂಜೆ ಮುಗಿಸಿ ಬಂದವರು "ಇಳೈಚ್ಚಿಟ್ಟೀಂಗ" ಅಂದರು. ತೆಲುಗಿನವರು "ಚಿಕ್ಕಿಪೋಯಾವಮ್ಮಾ" ಅಂದರು. ನಾವು ಕನ್ನಡದವರು "ಸೊರಗಿಬಿಟ್ರಿ, ಯಾಕೋ ಕಳೆಯೇ ಇಲ್ಲ" ಅಂದೆವು. ದಪ್ಪಗಿದ್ದಾಗಲೂ ಮೂರು ಭಾಷೆಯಲ್ಲಿ ತೂಗಿದ್ದೆವು, ಸಣ್ಣಗಾದಾಗಲೂ ಮೂರು ಭಾಷೆಯಲ್ಲಿ ತೂಗಿದೆವು. ಹೇಗಿದ್ದೀರಿ ಎಂದು ಯಾವ ಭಾಷೆಯಲ್ಲೂ ಕೇಳಲಿಲ್ಲ.

ಒತ್ತಾಯ ಮಾಡಿ ಬಡಿಸುವುದು ನಮ್ಮಲ್ಲಿ ಪ್ರೀತಿಯ ಗುರುತು. ಅದನ್ನು ಬಿಡಬೇಕೆಂದಲ್ಲ. ಆದರೆ ತನ್ನ ಆಹಾರ ಸಹೋದರನನ್ನು ಎಡವಿಸುವುದಾದರೆ ಅದನ್ನೇ ಬಿಟ್ಟುಬಿಡುವೆನೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ನಮ್ಮನ್ನು ಯಾರೂ ಪಾಯಸ ಬಿಡಲು ಕೇಳುತ್ತಿಲ್ಲ. ಬೇಡ ಎಂದವರ ಬೇಡವನ್ನು ನಂಬಲು ಕೇಳುತ್ತಿದ್ದಾರೆ ಅಷ್ಟೇ. ಮುಂದಿನ ಹಬ್ಬಕ್ಕೆ ನಾವು ಮೂರು ತೀರ್ಮಾನ ಮಾಡಿದ್ದೇವೆ: ಎಷ್ಟು ಬೇಕೆಂದು ಕೇಳಿಯೇ ಬಡಿಸುವುದು, ಒಮ್ಮೆ ಬೇಡ ಎಂದರೆ ಎರಡನೆಯ ಸಲ ಒತ್ತಾಯಿಸದಿರುವುದು, ನಮ್ಮ ನಾಟಕಗಳಲ್ಲಿ ಯಾರ ಮೈಯನ್ನೂ ನಗೆಗೆ ಬಳಸದಿರುವುದು.

ಕಳೆದ ಭಾನುವಾರ ಹಾಡಿನ ಅಭ್ಯಾಸದ ನಂತರ ಅಕ್ಕ ತಮ್ಮ ಪುಟ್ಟ ಡಬ್ಬಿ ತೆರೆದರು. ನಾವು ಐದು ನಿಮಿಷದಲ್ಲಿ ತಿಂದು ಕೈತೊಳೆದೆವು. ಮೊದಲಾದರೆ ಎದ್ದು ಹೋಗುತ್ತಿದ್ದೆವು. ಈ ಸಲ ಅವರ ಕೊನೆಯ ತುತ್ತು ಮುಗಿಯುವವರೆಗೆ ಮಾತಾಡುತ್ತ ಕುಳಿತೆವು. ಅರ್ಧ ಗಂಟೆ ಹಿಡಿಯಿತು.