ಅವಯವ ಹೋದಮೇಲೆ ಅವಯವಿ ಉಳಿಯುವುದೇ?

ಪಾಠಶಾಲೆಯಲ್ಲಿ ತರ್ಕವನ್ನು ಓದುತ್ತಿದ್ದಾಗ ಬಟ್ಟೆಯ ದೃಷ್ಟಾಂತವೊಂದು ಬರುತ್ತಿದ್ದಿತು. ನೂಲುಗಳು ಅವಯವಗಳು, ಅವುಗಳಿಂದ ಹುಟ್ಟಿದ ಬಟ್ಟೆಯು ಅವಯವಿ. ಬಟ್ಟೆಯಿಂದ ಒಂದು ನೂಲನ್ನು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ, ಖಂಡಪಟವೆಂಬ ಬೇರೊಂದು ಬಟ್ಟೆ ಹುಟ್ಟುವುದೆಂದು ನೈಯಾಯಿಕರು ಸಾಧಿಸುವರು. ನಮ್ಮಲ್ಲೊಬ್ಬನು ತನ್ನ ಹರಕು ಉತ್ತರೀಯವನ್ನು ಎತ್ತಿ ಹಿಡಿದು, "ಹಾಗಾದರೆ ನನಗೆ ದಿನಕ್ಕೊಂದು ಹೊಸ ವಸ್ತ್ರ" ಎಂದು ಹೇಳಿ ಗುರುಗಳಿಂದ ಬೈಸಿಕೊಂಡನು. ನಾವೆಲ್ಲ ನಕ್ಕೆವು. ಆ ವಾದವು ನಗುವಂಥದಲ್ಲವೆಂದು ನನಗೆ ತಿಳಿದುಬಂದದ್ದು ಎಷ್ಟೋ ವರ್ಷಗಳ ತರುವಾಯ, ಇಂಗ್ಲೆಂಡಿನಲ್ಲಿ, ಹಳೆಯ ಮೋಟಾರು ಗಾಡಿಯೊಂದರ ರಬ್ಬರು ಕೊಳವೆಯ ಮುಂದೆ ದೀಪ ಹಿಡಿದು ನಿಂತಾಗ.

ಮಗನ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆಯಲು ಹೋಗಿದ್ದೆನು. ನೆರೆಮನೆಯವರು ಎಪ್ಪತ್ತು ದಾಟಿದ ವಿಧುರರು. ಅವರ ಷೆಡ್ಡಿನಲ್ಲಿ ಒಂದು ಮಾರಿಸ್ ಮೈನರ್ ಗಾಡಿ ಇದ್ದಿತು. ಅಲೆಕ್ ಇಸಿಗೋನಿಸ್ ಎಂಬ ಯಂತ್ರಶಿಲ್ಪಿಯು ರೂಪಿಸಿದ ಈ ಗಾಡಿಯು 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. 1971ರ ವೇಳೆಗೆ ಹದಿನಾರು ಲಕ್ಷಕ್ಕೂ ಮೀರಿ ತಯಾರಾಗಿದ್ದಿತು. ನಮ್ಮ ದೇಶದಲ್ಲಿಯೂ ಇದೇ ಗಾಡಿ 'ಬೇಬಿ ಹಿಂದೂಸ್ಥಾನ್' ಎಂಬ ಹೆಸರಿನಿಂದ ಕೆಲಕಾಲ ಓಡಾಡಿದ್ದುಂಟು. ನೆರೆಯವರ ಗಾಡಿಯನ್ನು ಹೊಸದಾಗಿ ಕೊಂಡವರು ಅವರ ತಂದೆ.

ಮೋಟಾರಿನೊಳಗೆ ಬಿಸಿಗಾಳಿಯ ಯಂತ್ರವೇಕೆಂದು ನಮ್ಮ ಸೀಮೆಯ ವಾಚಕರು ಕೇಳಬಹುದು. ಆ ದೇಶದಲ್ಲಿಯೂ ಮೊದಮೊದಲು ಹೀಟರು ಹೆಚ್ಚು ಹಣ ಕೊಟ್ಟವರ ಗಾಡಿಗೆ ಮಾತ್ರ ಬರುತ್ತಿದ್ದಿತು. ಉಳಿದವರು ಮೊಣಕಾಲಿಗೆ ಕಂಬಳಿ ಹೊದ್ದು ಹೋಗುತ್ತಿದ್ದರು. ಅದರ ಯುಕ್ತಿ ಸರಳವಾದದ್ದು. ಇಂಜಿನ್ನನ್ನು ತಂಪಾಗಿರಿಸಲು ಅದರ ಸುತ್ತ ಹರಿಯುವ ನೀರು ಕುದಿಯುವ ಮಟ್ಟಕ್ಕೆ ಸಮೀಪವಾಗಿ ಕಾಯುತ್ತದೆ. ಆ ನೀರಿನ ಒಂದು ಪಾಲನ್ನು ರಬ್ಬರು ಕೊಳವೆಯ ಮೂಲಕ ಒಳಕ್ಕೆ ತಂದು, ಚಿಕ್ಕ ರೇಡಿಯೇಟರಿನಂಥ ಹಿತ್ತಾಳೆ ತಾಮ್ರಗಳ ಜಾಲದಲ್ಲಿ ಹರಿಸಿ, ಮತ್ತೊಂದು ಕೊಳವೆಯಿಂದ ಹಿಂದಕ್ಕೆ ಕಳುಹಿಸುವರು. ಫ್ಯಾನೊಂದು ಆ ಜಾಲದ ಮೂಲಕ ಗಾಳಿಯನ್ನು ತಳ್ಳುವುದು. ಇಂಜಿನ್ನಿಗೆ ಬೇಡವಾದ ಶಾಖವೇ ಮನುಷ್ಯನಿಗೆ ಬೇಕಾದ ಶಾಖವಾಗುವುದು. ಆ ಗಾಳಿ ಎದುರಿನ ಗಾಜಿಗೂ ಬೀಸಿ, ಉಸಿರಿನಿಂದ ಕಟ್ಟಿದ ಮಂಜನ್ನು ಕರಗಿಸುವುದು. ಆದುದರಿಂದ ಇದು ಬರಿಯ ಸುಖದ ಸಾಧನವಲ್ಲ. ಓಡಿಸುವವನ ಕಣ್ಣು ಇದನ್ನು ನಂಬಿದೆ.

ರಬ್ಬರಿಗೆ ವೃದ್ಧಾಪ್ಯವುಂಟು. ಶಾಖದಿಂದಲೂ ಎಣ್ಣೆಯಿಂದಲೂ ಅದು ಬಿಗಿಪಟ್ಟಿಯ ಬಳಿ ಉಬ್ಬುತ್ತದೆ, ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಹೊರಗೆ ನೆಟ್ಟಗಿದ್ದು ಒಳಗೆ ಪದರ ಬಿಚ್ಚಿಕೊಂಡಿರುವುದೂ ಉಂಟು. ನೆರೆಯವರ ಗಾಡಿಯಲ್ಲಿ ಕುಳಿತೊಡನೆ ಒಂದು ಬಗೆಯ ಸಿಹಿ ವಾಸನೆ ಬರುತ್ತಿದ್ದಿತು. ಗಾಜಿನ ಮೇಲೆ ಜಿಡ್ಡುಜಿಡ್ಡಾದ ಮಸುಕು. ಕಾಲಡಿಯ ಹಾಸು ತೇವ. ನೀರು ಹೆಪ್ಪುಗಟ್ಟದಿರಲೆಂದು ಬೆರೆಸುವ ಗ್ಲೈಕಾಲ್ ಸೋರುತ್ತಿದ್ದುದರ ಕುರುಹುಗಳು ಇವು. ಅದು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಅದನ್ನು ನೆಕ್ಕಿ ಸತ್ತ ಬೆಕ್ಕು ನಾಯಿಗಳೆಷ್ಟೋ.

ಇದೆಲ್ಲವೂ ಅವರಿಗೆ ನನಗಿಂತ ಚೆನ್ನಾಗಿ ತಿಳಿದಿದ್ದಿತು. ಆದರೂ ಎರಡು ಚಳಿಗಾಲಗಳಿಂದ ಮುಂದೂಡುತ್ತ ಬಂದಿದ್ದರು. ಕಾರಣವನ್ನು ಒಂದು ಸಂಜೆ ಚಹದ ಮುಂದೆ ಹೇಳಿದರು. ಗಾಡಿಯ ನೆಲದ ತಗಡು ತುಕ್ಕು ಹಿಡಿದು ಹೊಸದಾಗಿದೆ. ಇಂಜಿನ್ನು ಒಮ್ಮೆ ಬದಲಾಗಿದೆ. ಆಸನದ ಚರ್ಮ, ಬಣ್ಣ, ಚಕ್ರಗಳ ರಬ್ಬರು ಯಾವುದೂ ಮೊದಲಿನದಲ್ಲ. ಹೀಟರಿನ ಕೊಳವೆಗಳನ್ನು ಮಾತ್ರ ತಂದೆಯು ಕೊನೆಯ ವರ್ಷಗಳಲ್ಲಿ ಸ್ವಹಸ್ತದಿಂದ ಜೋಡಿಸಿ, ಪಟ್ಟಿಗಳನ್ನು ಬಿಗಿದಿದ್ದರು. "ಇದನ್ನೂ ತೆಗೆದರೆ ಅವರದೆಂಬುದು ಇದರಲ್ಲಿ ಏನು ಉಳಿಯುವುದು?" ಎಂದರು.

ನಾನು ಉತ್ತರ ಹೇಳಲಾರದೆ, ಮೇಷ್ಟರ ಚಪಲದಿಂದ, ಶಾಸ್ತ್ರವನ್ನು ತೆಗೆದೆನು. ನಾಗಸೇನ ಭಿಕ್ಷುವು ಮಿಲಿಂದ ರಾಜನನ್ನು ಕೇಳಿದ ಪ್ರಶ್ನೆಯನ್ನು ಹೇಳಿದೆನು: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ, ಇವೆಲ್ಲ ಸೇರಿದಾಗ ನಾವು ಇಟ್ಟುಕೊಳ್ಳುವ ಹೆಸರೇ ರಥ. ಅವರು ಗ್ರೀಕರ ಥೀಸಿಯಸ್ ವೀರನ ಹಡಗಿನ ಕಥೆಯನ್ನು ಹೇಳಿದರು. ಹಲಗೆಗಳು ಕೊಳೆತಂತೆಲ್ಲ ಹೊಸ ಹಲಗೆಗಳನ್ನು ಹಾಕಿದ ಆ ಹಡಗು ಅದೇ ಹಡಗೋ ಬೇರೆಯೋ ಎಂದು ಅಲ್ಲಿನ ವಿದ್ವಾಂಸರು ಜಗಳವಾಡುತ್ತಿದ್ದರಂತೆ.

ವಿನೋದವೇನೆಂದರೆ, ಆ ದೇಶದ ಸರ್ಕಾರವೂ ಈ ಜಗಳದಲ್ಲಿ ಒಂದು ಪಕ್ಷವನ್ನು ಹಿಡಿದಿದೆ. ನಲವತ್ತು ವರ್ಷ ಮೀರಿದ ಗಾಡಿಗಳು ಗಣನೀಯವಾಗಿ ಬದಲಾಗಿರದಿದ್ದರೆ, 2018ರ ಮೇ ತಿಂಗಳಿಂದ ಅವುಗಳಿಗೆ ವಾರ್ಷಿಕ ಪರೀಕ್ಷೆಯ ನಿರ್ಬಂಧವಿಲ್ಲ. ಗಾಡಿಯ ಅಡಿಗಟ್ಟನ್ನೇ ಬದಲಿಸಿದರೂ, ಹೊಸದು ಹಳೆಯದರ ಮಾದರಿಯದೇ ಆಗಿದ್ದರೆ, ಅದನ್ನು ಗಣನೀಯ ಬದಲಾವಣೆಯೆಂದು ಎಣಿಸುವುದಿಲ್ಲ. ಎಂದರೆ ದ್ರವ್ಯ ಹೋದರೂ ಚಿಂತೆಯಿಲ್ಲ, ಆಕೃತಿ ಉಳಿದರೆ ಸಾಕು! ಮಹಾಭಾಷ್ಯದ ಮೊದಲಲ್ಲಿ ಪತಂಜಲಿಗಳು ಚಿನ್ನದ ದೃಷ್ಟಾಂತದಲ್ಲಿ ಆಕೃತಿಗಳು ಬದಲಾಗುತ್ತಿದ್ದರೂ ದ್ರವ್ಯವು ಅದೇ ಎಂದು ತೋರಿಸುವರು. ಮೋಟಾರು ಗಾಡಿಯ ವಿಷಯದಲ್ಲಿ ಕಾನೂನು ಅದನ್ನು ತಲೆಕೆಳಗು ಮಾಡಿ, ಪದದ ಅರ್ಥವು ಆಕೃತಿಯೇ ಎನ್ನುವ ಮೀಮಾಂಸಕರ ಕಡೆ ನಿಂತಿದೆ. ನನಗೆ ಇದು ಬಹಳ ಹಿಡಿಸಿತು. ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ತಂದೆಯ ಕೈ ಆಕೃತಿಯಲ್ಲಿಯೂ ಇಲ್ಲ, ದ್ರವ್ಯದಲ್ಲಿಯೂ ಇಲ್ಲ, ಎಂದರು.

ರಾತ್ರಿ ಮಲಗಿದ ಮೇಲೆ ನನ್ನ ತಪ್ಪು ನನಗೆ ಹೊಳೆಯಿತು. ಗಾಡಿ ಅದೇ ಹೌದೋ ಅಲ್ಲವೋ ಎಂದು ಇಬ್ಬರೂ ಗಂಟೆಗಟ್ಟಲೆ ವಾದಿಸಿದೆವು. ಅದರಲ್ಲಿ ಕುಳಿತುಕೊಳ್ಳುವವರು ಯಾರೆಂದು ಒಬ್ಬರೂ ಕೇಳಲಿಲ್ಲ. ಶನಿವಾರ ಶನಿವಾರ ಅವರ ಎಂಟು ವರ್ಷದ ಮೊಮ್ಮಗಳು ಮುಂದಿನ ಆಸನದಲ್ಲಿ ಕುಳಿತು ಪೇಟೆಗೆ ಹೋಗುತ್ತಿದ್ದಳು. ಹೀಟರಿನ ಜಾಲವಿರುವುದು ಅವಳ ಮೊಣಕಾಲಿನ ಎದುರಿಗೇ. ಕೊಳವೆ ಒಡೆದರೆ ಕಾದ ನೀರು ಸಿಡಿಯುವುದು ಯಾರ ಮೇಲೆ? ವಾರ್ಷಿಕ ಪರೀಕ್ಷೆಯನ್ನು ಕಾನೂನು ಮನ್ನಿಸಿದ್ದರೂ, ಗಾಡಿಯನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಮಾಲೀಕನಿಗೆ ಮನ್ನಿಸಿಲ್ಲ. ಪರೀಕ್ಷಕನಿಲ್ಲದ ಕಡೆ ಹೊಣೆ ಹೆಚ್ಚುವುದೆಂದೇ ನನ್ನ ಅಭಿಪ್ರಾಯ. ಮೂವತ್ತೈದು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದವನು ಇದನ್ನು ಅನುಭವದಿಂದಲೇ ಹೇಳಬಲ್ಲೆನು. ಪಿತೃಋಣವು ದೊಡ್ಡದು, ಸಂದೇಹವಿಲ್ಲ. ಆದರೆ ಅದನ್ನು ಮೊಮ್ಮಗಳ ಮೊಣಕಾಲಿನಿಂದ ತೀರಿಸಲು ಯಾರಿಗೂ ಅಧಿಕಾರವಿಲ್ಲ. ಬೆಳಗ್ಗೆ ಹೋಗಿ, ನಯಗಾರಿಕೆಯಿಲ್ಲದೆ, ಇದನ್ನೇ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ದೀಪ ಹಿಡಿಯುವಿರಾ?" ಎಂದರು.

ಇಂಜಿನ್ನು ಪೂರ್ತಿ ಆರುವವರೆಗೆ ಕಾದು ನೀರನ್ನು ಇಳಿಸಿದೆವು. ಹಳೆಯ ಕೊಳವೆ ಜಾಲದ ಮೂತಿಗೆ ಕಚ್ಚಿಕೊಂಡಿದ್ದಿತು. ನಾನು ಎಳೆಯಲು ಕೈ ಹಾಕಿದೊಡನೆ ಅವರು ತಡೆದರು: ಎಳೆದರೆ ತಾಮ್ರದ ತೆಳುಮೂತಿಯೇ ಕಿತ್ತು ಬರುವುದು, ಹಳೆಯದನ್ನು ಉದ್ದಕ್ಕೆ ಸೀಳಿ ಸುಲಿಯಬೇಕು. ಚಾಕುವನ್ನು ಹಿಡಿದು ಅವರೇ ಸೀಳಿದರು. ಕೈ ಸ್ವಲ್ಪ ನಡುಗಿತು. ಮೂತಿಗೆ ಗೀರು ಬೀಳಲಿಲ್ಲ. ಜಾಲವನ್ನು ಎರಡು ದಿಕ್ಕಿನಿಂದಲೂ ನೀರು ಹಾಯಿಸಿ ತೊಳೆದಾಗ ಮೊದಲು ಬಂದದ್ದು ಕೆಂಪು ಕೆಸರು, ಆಮೇಲೆ ತಿಳಿನೀರು. ಹೊಸ ಕೊಳವೆಗಳನ್ನು ಏರಿಸಿ ಹೊಸ ಪಟ್ಟಿಗಳಿಂದ ಬಿಗಿದೆವು. ನೀರು ತುಂಬುವಾಗ ಹೀಟರಿನ ನಲ್ಲಿಯನ್ನು ತೆರೆದೇ ಇಟ್ಟಿದ್ದರೂ ಒಳಗೆ ಗಾಳಿ ಸಿಕ್ಕಿಕೊಂಡು, ಮೊದಲ ಕಾಲು ಗಂಟೆ ತಣ್ಣನೆಯ ಗಾಳಿಯೇ ಬಂದಿತು. ಆಮೇಲೆ ಒಳಗೆ ಏನೋ ಗುಳುಗುಳಿಸಿ, ಕಾಲಿಗೆ ಬೆಚ್ಚಗೆ ತಗುಲಿತು. ಗಾಜಿನ ಮಸುಕು ಅಂಚಿನಿಂದ ಸರಿಯತೊಡಗಿತು.

ಸೀಳಿದ ಕೊಳವೆಗಳನ್ನೂ ತುಕ್ಕು ಹಿಡಿದ ಪಟ್ಟಿಗಳನ್ನೂ ಅವರು ಎಸೆಯಲಿಲ್ಲ. ಷೆಡ್ಡಿನ ಅಟ್ಟದ ಮೇಲೆ ಮರದ ಪೆಟ್ಟಿಗೆಯೊಂದಿದ್ದಿತು. ಅದರಲ್ಲಿ ಹಳೆಯ ಬಾಗಿಲ ಹಿಡಿ, ಮುರಿದ ದೀಪದ ಕಟ್ಟು, ಹರಿದ ಚರ್ಮ, ಹೀಗೆ ಗಾಡಿಯಿಂದ ತೆಗೆದುದೆಲ್ಲ ಸೇರಿದ್ದಿತು. ಥೀಸಿಯಸನ ಹಳೆಯ ಹಲಗೆಗಳನ್ನು ಯಾರಾದರೂ ಕೂಡಿಟ್ಟು ಮತ್ತೆ ಹಡಗನ್ನು ಕಟ್ಟಿದರೆ ಯಾವುದು ನಿಜವಾದ ಹಡಗೆಂದು ಹಾಬ್ಸ್ ಎಂಬ ಇಂಗ್ಲಿಷ್ ತತ್ತ್ವಜ್ಞನು 1655ರಲ್ಲಿ ಕೇಳಿದ್ದನು. ಅದನ್ನು ಹೇಳಬೇಕೆಂದು ಬಾಯಿ ತೆರೆದೆನು. ಅಷ್ಟರಲ್ಲಿ ಅವರು ಪೆಟ್ಟಿಗೆಯ ಮುಚ್ಚಳವನ್ನು ಹಾಕಿ, ಮೊಮ್ಮಗಳು ಬರುವ ಹೊತ್ತಾಯಿತೆಂದು ಕೈ ತೊಳೆಯಲು ಹೋದರು.