ಬಾಯಿಪಾಠವೂ ವಿದ್ಯೆಯೂ



ಅದಿಯಮಾನ್‌ಕೋಟೆಯ ಸುತ್ತಮುತ್ತಲಿನ ನಮ್ಮ ರೈತರೂ ವರ್ತಕರೂ ಸಾಲ ಮಾಡಿಯಾದರೂ ಮಕ್ಕಳನ್ನು ಓದಿಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಆ ಹಣಕ್ಕೆ ಬರುತ್ತಿರುವುದು ವಿದ್ಯೆಯೋ, ಬರೀ ಅಂಕಪಟ್ಟಿಯೋ ಎಂಬುದನ್ನು ನಾವು ವಿಚಾರಿಸಬೇಕು.

ತಮಿಳುನಾಡಿನಲ್ಲಿ 2007ರಿಂದ ಪ್ರವೇಶ ಪರೀಕ್ಷೆ ರದ್ದಾಗಿ, ವೈದ್ಯಕೀಯ ಹಾಗೂ ಎಂಜಿನಿಯರಿಂಗ್ ಸೀಟುಗಳು ಹನ್ನೆರಡನೆಯ ತರಗತಿಯ ಅಂಕಗಳ ಮೇಲೆಯೇ ಸಿಗತೊಡಗಿದವು. ಅನೇಕ ವಸತಿ ಶಾಲೆಗಳು ಹನ್ನೊಂದನೆಯ ತರಗತಿಯ ಪಾಠವನ್ನು ಬದಿಗಿಟ್ಟು, ಎರಡು ವರ್ಷವೂ ಹನ್ನೆರಡರ ಪುಸ್ತಕವನ್ನೇ ಉರು ಹೊಡೆಸಿದವು. ಜನ ಅಂಥವನ್ನು 'ಬ್ರಾಯ್ಲರ್ ಶಾಲೆ' ಎಂದೇ ಕರೆದರು. 2017ರಲ್ಲಿ ವೈದ್ಯಕೀಯಕ್ಕೆ ನೀಟ್ ಬಂದಾಗ ಎರಡೂ ವರ್ಷದ ಪಾಠ ಬೇಕಾಯಿತು. ಬಿಟ್ಟ ಪಾಠದ ಭಾರ ಮಕ್ಕಳ ಮೇಲೆ ಬಿತ್ತು. ಸರ್ಕಾರ 2017-18ರಿಂದ ಹನ್ನೊಂದಕ್ಕೂ ಸಾರ್ವಜನಿಕ ಪರೀಕ್ಷೆ ಇಟ್ಟಿತು. 2025ರಲ್ಲಿ ಅದನ್ನು ಕೈಬಿಟ್ಟಿತು. ಇನ್ನು ಆ ವರ್ಷದ ಪಾಠ ನಡೆಯಿತೇ ಎಂದು ಕೇಳಬೇಕಾದವರು ತಂದೆತಾಯಿಗಳೇ.

ಬಾಯಿಪಾಠವೇ ಬೇಡವೆಂದು ನಾವು ಹೇಳುವುದಿಲ್ಲ. ಮಗ್ಗಿ ಬಾರದವನು ಅಂಗಡಿ ನಡೆಸಲಾರ. ವಚನ ಕಲಿಯುವ ಮಗು ಮೊದಲು ಕಂಠಪಾಠವನ್ನೇ ಮಾಡಬೇಕು. ಆದರೆ ಕಣಜದಲ್ಲಿಟ್ಟ ಬೀಜ ತಾನಾಗಿ ಬೆಳೆಯಾಗದು, ನೆಲಕ್ಕೆ ಬಿದ್ದು ಮೊಳೆಯಬೇಕು. ಬಡ್ಡಿಯ ಸೂತ್ರ ಒಪ್ಪಿಸುವ ಹುಡುಗ ಮನೆಯ ಸಾಲಕ್ಕೆ ಬಡ್ಡಿ ಕಟ್ಟಲಾರದಿದ್ದರೆ ಆ ಸೂತ್ರದಿಂದ ಏನು ಫಲ? ಅದಿಯಮಾನ್ ದೊರೆ ಅವ್ವೈಯಾರಿಗೆ ನೆಲ್ಲಿಕಾಯಿ ಕೊಟ್ಟ ಕಥೆಯನ್ನು ಪರೀಕ್ಷೆಯಲ್ಲಿ ಬರೆಯುವ ಮಗು, ಅವನ ಹೆಸರಿನ ಈ ಊರಿನಲ್ಲಿದ್ದೂ ಚೆನ್ನರಾಯ ಪೆರುಮಾಳ್ ಗುಡಿಯ ಹಳೆಯ ವರ್ಣಚಿತ್ರಗಳನ್ನು ಕಾಣದಿದ್ದರೆ ಆ ಓದು ಅರೆಬರೆಯೇ.

ಭಾಷೆಯ ಮಾತೂ ಹೀಗೆಯೇ. 2006ರ ಕಾಯ್ದೆಯಿಂದ ಶಾಲೆಯಲ್ಲಿ ತಮಿಳು ಕಡ್ಡಾಯವಾಯಿತು. ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ಇದು ನಾವು ಬಾಳುವ ನಾಡಿನ ನುಡಿ. ಆದರೆ ಅಂಕ ತರುವುದಿಲ್ಲವೆಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಕನ್ನಡ ಅಕ್ಷರ ಬಿಡಿಸಬೇಡಿ. ಎರಡು ನುಡಿ ಬಲ್ಲ ಮಗುವಿಗೆ ಎರಡು ಕಣಜಗಳ ಬಾಗಿಲು ತೆರೆದಿರುತ್ತದೆ.

ಅಂಕವಿಲ್ಲದೆ ಸೀಟಿಲ್ಲವೆಂಬ ಕಷ್ಟ ನಮಗೂ ಗೊತ್ತು. ಆದರೆ ಅಂಕ ಒಂದು ದಿನದ ವ್ಯಾಪಾರ, ತಿಳಿವಳಿಕೆ ಬಂಡವಾಳ. ವ್ಯಾಪಾರಕ್ಕಾಗಿ ಬಂಡವಾಳವನ್ನೇ ಕರಗಿಸುವವನನ್ನು ಯಾವ ವರ್ತಕನೂ ಜಾಣನೆನ್ನಲಾರ.

ಆದ್ದರಿಂದ ಸಂಜೆ ಮಕ್ಕಳನ್ನು 'ಎಷ್ಟು ಅಂಕ ಬಂತು?' ಎಂದು ಮಾತ್ರ ಕೇಳದೆ, 'ಇವತ್ತು ಕಲಿತದ್ದನ್ನು ನನಗೆ ತಿಳಿಯುವಂತೆ ಹೇಳು' ಎಂದೂ ಕೇಳಿರಿ. ಇದಕ್ಕೆ ತಂದೆತಾಯಿ ಓದಿರಬೇಕಾಗಿಲ್ಲ, ಕೂತು ಕೇಳುವ ತಾಳ್ಮೆಯಿದ್ದರೆ ಸಾಕು.